ಕಿಟಕಿ ಪಕ್ಕದ ಟೇಬಲ್ಲಿನ ಏಟು

ಮಾಡದ ತಪ್ಪಿಗೆ ಬೈಸಿಕೊಂಡರೆ ಯಾರಿಗಾದರೂ ಸಿಟ್ಟು ಬರುತ್ತದೆ. ಮಾಡದ ತಪ್ಪಿಗೆ ಕ್ಷಮೆ ಸಿಕ್ಕರೆ ಮನುಷ್ಯ ಏನಾಗುತ್ತಾನೆ ಎಂದು ತಿಳಿಯಬೇಕಾದರೆ ಶುಂಠಿಯನ್ನು ನೋಡಬೇಕು. ಆ ಹುಡುಗಿ ಅವನನ್ನು ಕಳ್ಳ ಎಂದು ಕೂಗಿದ್ದರೆ, ನಾಲ್ಕು ಜನರನ್ನು ಸೇರಿಸಿ ಮಾನ ಕಳೆದಿದ್ದರೆ, ಅವನು ಎರಡು ದಿನ ಹಾರಾಡಿ ಮೂರನೆಯ ದಿನ ಮರೆತುಬಿಡುತ್ತಿದ್ದ. ಅವಳು ಹಾಗೆ ಮಾಡಲಿಲ್ಲ. ತಣ್ಣಗೆ, "ಹೋಗ್ಲಿ ಬಿಡಿ ಮಾಮಾ, ಇದನ್ನ ನಾನು ಯಾರಿಗೂ ಹೇಳಲ್ಲ" ಎಂದಳು. ಎರಡು ವರ್ಷವಾಯಿತು. ಆ ಮಾತು ಇವತ್ತಿಗೂ ಅವನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿದೆ. ಉಗುಳಲೂ ಆಗದು, ನುಂಗಲೂ ಆಗದು.

ಶುಂಠಿ ಎಂಬುದು ಅವನ ಹೆಸರಲ್ಲ. ಮುಟ್ಟಿದರೆ ಖಾರ, ಮಾತಾಡಿಸಿದರೆ ಘಾಟು, ಅದಕ್ಕೆ ಗಿರಾಕಿಗಳು ಇಟ್ಟ ಹೆಸರು. ಮೂವತ್ತೆರಡು ವರ್ಷ ಅವನು ಒಂದೇ ಬಾರಿನಲ್ಲಿ ಕೌಂಟರು ನೋಡಿಕೊಂಡವನು. ಉದ್ದನೆಯ ಕೋಣೆ, ಹದಿನೆಂಟು ಟೇಬಲ್ಲು, ಅಂಚು ಒಡೆದ ಕಲ್ಲಿನ ಕಟ್ಟೆ, ಅದರ ಹಿಂದೆ ಕನ್ನಡಿ, ಕನ್ನಡಿಯ ಮುಂದೆ ಬಾಟಲಿ. ಹೆಗಲ ಮೇಲೊಂದು ಟವೆಲ್ಲು. ಗಿರಾಕಿ ಬಾಗಿಲು ದಾಟುವ ನಡಿಗೆಯಲ್ಲೇ ಅವನಿಗೆ ಇವತ್ತು ಎಷ್ಟು ಹಾಕಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂದು ತಿಳಿಯುತ್ತಿತ್ತು. "ಸಾಕು, ಏಳು" ಎಂದು ಅವನು ಗದರಿದರೆ ಎಂಥ ಗಂಡೆದೆಯವನೂ ಎದ್ದು ಚಪ್ಪಲಿ ಹುಡುಕುತ್ತಿದ್ದ.

ಆ ಬಾರಿಗೆ ಬರೆಯದ ಕಾನೂನೊಂದಿತ್ತು. ಟೇಬಲ್ಲಿಗೆ ಕೂತ ಮೇಲೆ ರೌಂಡು ಬಂದರೆ ಎಲ್ಲರಿಗೂ ಬರಬೇಕು. ಒಬ್ಬನ ಗ್ಲಾಸು ಖಾಲಿ ಇದ್ದರೆ ಉಳಿದವರಿಗೆ ಅದು ಅವಮಾನ. "ನನಗೆ ಬೇಡ" ಎಂಬ ಮಾತಿಗೆ ಅಲ್ಲಿ ಜಾಗವಿರಲಿಲ್ಲ. ಹಿಂದೆ ಕಿಟಕಿ ಪಕ್ಕದ ಟೇಬಲ್ಲಿನಲ್ಲಿ ಲೈನ್‌ಮನ್ ಒಬ್ಬ ಕೂರುತ್ತಿದ್ದ. ಯಾವುದೋ ಮಾತ್ರೆ ತಿನ್ನುತ್ತಿದ್ದೇನೆ, ಕುಡಿಯುವಂತಿಲ್ಲ, ಸುಮ್ಮನೆ ಕೂರುತ್ತೇನೆ ಎಂದ. ಮರುದಿನ ಅವನ ಮುಂದೆ ಒಂದು ಗ್ಲಾಸು ಹಾಲು ಬಂತು, ಗ್ಲಾಸಿನ ಬಾಯಿಗೆ ಮಗುವಿನ ಬಾಟಲಿಯ ನಿಪ್ಪಲ್ಲು ಸಿಕ್ಕಿಸಿತ್ತು. ಇಡೀ ಬಾರು ಬಿದ್ದು ಬಿದ್ದು ನಕ್ಕಿತು. ಲೈನ್‌ಮನ್ ಎದ್ದು ಹೋದವನು ಮತ್ತೆ ಆ ಬೀದಿಯಲ್ಲೇ ಹಾಯಲಿಲ್ಲ.

ಆ ನಿಪ್ಪಲ್ಲು ತಂದವನು ಲೇತಣ್ಣ. ಲೇತ್ ಮಿಷನ್ನಿನಲ್ಲಿ ಕಬ್ಬಿಣ ಕಡೆಯುವ ಕೆಲಸ, ಅದಕ್ಕೆ ಆ ಹೆಸರು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಬೆರಳಿನಲ್ಲೇ ಹೇಳಬಲ್ಲವನು. ಆ ಟೇಬಲ್ಲಿಗೆ ಅವನೇ ಯಜಮಾನ. ಜೊತೆಗೆ ಮೂವರು: ರಿಟೈರಾದ ಬಸ್ ಕಂಡಕ್ಟರು, ಗಡಿಯಾರ ರಿಪೇರಿ ಮಾಡುವವನು, ಅಂಗಡಿಗಳಿಗೆ ಬೋರ್ಡು ಬರೆಯುವ ಪೇಂಟರು. ವಾರಕ್ಕೆ ಎರಡು ಸಲ, ಬುಧವಾರ ಮತ್ತು ಭಾನುವಾರ, ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ನಾಲ್ಕೂ ಕುರ್ಚಿ ತುಂಬುತ್ತಿದ್ದವು.

ಲೈನ್‌ಮನ್ ಹೋದ ಎರಡು ವರ್ಷಕ್ಕೆ ಲೇತಣ್ಣನ ಹೊಟ್ಟೆ ಊದಿತು, ಕಣ್ಣು ಅರಿಸಿನವಾಯಿತು. ಇಪ್ಪತ್ತಾರು ದಿನ ಆಸ್ಪತ್ರೆ. ಹೊರಗೆ ಬಂದವನು ಒಂದು ಬೆಳಿಗ್ಗೆ ಬಾರಿನ ಹಿಂಬಾಗಿಲಿನಲ್ಲಿ, ಖಾಲಿ ಕ್ರೇಟುಗಳ ನಡುವೆ, ಕಳ್ಳನ ಹಾಗೆ ನಿಂತಿದ್ದ.

"ಒಳಗೆ ಬಾ, ಅಲ್ಲೇನು ಬೆಕ್ಕಿನ ತರ ನಿಂತಿದೀಯ" ಎಂದ ಶುಂಠಿ.

"ಒಳಗೆ ಬಂದ್ರೆ ಕುಡೀಬೇಕು. ಕುಡಿದ್ರೆ ಲಿವರು ಕೈಕೊಡುತ್ತೆ, ಆಮೇಲೆ ನಮ್ಮ ಹತ್ರ ಬರಬೇಡ ಅಂದ್ರು ಡಾಕ್ಟ್ರು."

"ಹಂಗಾದ್ರೆ ಮನೇಲಿ ಬಿದ್ದಿರು."

"ಮೂರು ದಿನ ಬಿದ್ದಿದ್ದೆ. ಗೋಡೆ ನೋಡಿ ನೋಡಿ ಗೋಡೆಗೂ ನನಗೂ ಬೇಜಾರು. ಆ ಮೂರು ಮುಖ ನೋಡದಿದ್ರೆ ಅದಕ್ಕಿಂತ ಬೇಗ ಸಾಯ್ತೀನಿ ಕಣೋ."

"ಬಿಟ್ಟಿದೀನಿ ಅಂತ ಅವರಿಗೆ ಹೇಳು."

ಲೇತಣ್ಣ ತಲೆ ತಗ್ಗಿಸಿದ. "ಹೇಳಿದವನ ಗತಿ ಏನಾಯ್ತು, ನೋಡ್ಲಿಲ್ವಾ. ನಿಪ್ಪಲ್ಲು ತಂದಿದ್ದೇ ನಾನು."

ಆ ಹೊತ್ತಿನಲ್ಲಿ ಶುಂಠಿಗೆ ಹೊಳೆದ ಉಪಾಯ ಮೂರು ವರ್ಷ ನಡೆಯಿತು. ಹಾಲಿಲ್ಲದ ಚಹಾ, ಬಟ್ಟೆಯಲ್ಲಿ ಎರಡು ಸಲ ಸೋಸಿ, ಬಣ್ಣಕ್ಕೆ ಚೂರು ಸುಟ್ಟ ಸಕ್ಕರೆ ಹಾಕಿ, ಅವರು ಕುಡಿಯುವ ವಿಸ್ಕಿಯ ಖಾಲಿ ಬಾಟಲಿಗೆ ತುಂಬುವುದು. ಗುರುತಿಗೆ ಬಾಟಲಿಯ ಕುತ್ತಿಗೆಗೆ ಒಂದು ರಬ್ಬರ್ ಬ್ಯಾಂಡು. ಚಹಾ ಮಾಡುತ್ತಿದ್ದವಳು ಲೇತಣ್ಣನ ಹೆಂಡತಿ. ಅವಳು ಹೊಲಿಗೆ ಅಂಗಡಿಗೆ ಹೋಗುವ ದಾರಿಯಲ್ಲಿ ಹಿಂಬಾಗಿಲಿಗೆ ಬಂದು ಫ್ಲಾಸ್ಕು ಕೊಟ್ಟು ಹೋಗುತ್ತಿದ್ದಳು. "ಅತ್ತಿಗೆ, ಇವತ್ತು ಬಣ್ಣ ಜಾಸ್ತಿ ಆಯ್ತು, ರಮ್ಮಿನ ತರ ಇದೆ" ಎಂದು ಶುಂಠಿ ಕೊಂಕು ತೆಗೆದರೆ, "ನಿನ್ನ ಬಾರಿನ ಮಾಲಿಗಿಂತ ಚೆನ್ನಾಗಿದೆ, ಸುಮ್ನೆ ತಗೊ" ಎನ್ನುತ್ತಿದ್ದಳು. ಆ ಗ್ಲಾಸು ಬಿಲ್ಲಿಗೆ ಬರುತ್ತಿರಲಿಲ್ಲ. ಕುಡಿದವರಿಗೆ ಬಿಲ್ಲು ಓದುವ ಕಣ್ಣಿರುವುದಿಲ್ಲ.

ಗುಟ್ಟು ತಿಳಿದವರು ಮೂವರೇ. ನಾಲ್ಕನೆಯವರಿಗೆ ಹೇಳುವುದಿಲ್ಲ ಎಂದು ಲೇತಣ್ಣ ಶುಂಠಿಯ ಕೈ ಹಿಡಿದು ಮಾತು ತೆಗೆದುಕೊಂಡಿದ್ದ. ಟೇಬಲ್ಲಿನಲ್ಲಿ ಅವನು ಉಳಿದವರಿಗಿಂತ ದೊಡ್ಡ ಗುಟುಕು ಹಾಕುತ್ತಿದ್ದ, ಮುಖ ಕಿವುಚುತ್ತಿದ್ದ, ಎರಡನೆಯ ರೌಂಡಿಗೆ ನಾಲಿಗೆ ಸ್ವಲ್ಪ ತೊದಲಿಸುತ್ತಿದ್ದ. "ನಾಟಕದ ಕಂಪನಿಗೆ ಸೇರ್ಬೇಕಿತ್ತು ನೀನು" ಎಂದು ಶುಂಠಿ ಪಿಸುಗುಟ್ಟುತ್ತಿದ್ದ.

ಈ ಮೂರು ವರ್ಷದಲ್ಲಿ ಬಾರಿನ ಹೊರಗೆ ಲೋಕವೇ ತಲೆಕೆಳಗಾಗಿತ್ತು. ವಯಸ್ಸಾದವರು ಪಾರ್ಸೆಲ್ ತೆಗೆದುಕೊಂಡು ಹೋಗಿ ಟೀವಿ ಮುಂದೆ ಕಾಲು ಚಾಚಿ ಕುಡಿಯತೊಡಗಿದರು. ಆಮೇಲೆ ಪಾರ್ಸೆಲ್ಲಿಗೂ ಬರಲಿಲ್ಲ, ಫೋನು ಒತ್ತಿದರೆ ಬಾಟಲಿಯೇ ಮನೆಗೆ ನಡೆದುಬರುತ್ತಿತ್ತು. ಹುಡುಗರು ಬಂದರೂ ಮಣಿಕಟ್ಟಿನ ಗಡಿಯಾರದಲ್ಲಿ ಹೆಜ್ಜೆ ಎಣಿಸುತ್ತ, ಐದು ಜನಕ್ಕೆ ಎರಡು ಬಿಯರು ಹೇಳಿ, ಉಳಿದವರು ನಿಂಬೆ ಸೋಡ ಹೀರುತ್ತ ಕೂರುತ್ತಿದ್ದರು. ಯಾರೂ ಯಾರನ್ನೂ ಹಂಗಿಸುತ್ತಿರಲಿಲ್ಲ. "ನಾನು ಬಿಟ್ಟೆ" ಎಂದು ಒಬ್ಬ ಹೇಳಿದರೆ ಉಳಿದವರು ಬೆನ್ನು ತಟ್ಟುತ್ತಿದ್ದರು. ಶುಂಠಿಗೆ ಅದನ್ನು ನೋಡಿದರೆ ಮೈಯೆಲ್ಲ ಉರಿ. ಬೆನ್ನು ತಟ್ಟಿಸಿಕೊಂಡು ಕುಡಿಯದೇ ಕೂರುವುದಕ್ಕೆ ಬಾರು ಯಾಕೆ ಬೇಕು, ಮರದ ಕೆಳಗೆ ಕಲ್ಲು ಸಾಲದೇ ಎನ್ನುತ್ತಿದ್ದ.

ಬಾರಿನ ಯಜಮಾನರಿಗೆ ಮಂಡಿ ಸೋತು, ಅವರ ಮಗಳು ಬಾರು ನೋಡಿಕೊಳ್ಳಲು ಬಂದಳು. ಶುಂಠಿ ಎತ್ತಿ ಆಡಿಸಿದ ಹುಡುಗಿ. ಲೆಕ್ಕ ಓದಿದವಳು, ಮಾತು ಮೃದು, ನಿರ್ಧಾರ ಗಟ್ಟಿ. ಖಾಲಿ ಕುರ್ಚಿಗಳನ್ನು ನೋಡಿ ಒಂದು ತಿಂಗಳಲ್ಲೇ ಹೇಳಿಬಿಟ್ಟಳು: "ಮಾಮಾ, ಮುಂದಿನ ಸೋಮವಾರದಿಂದ ಒಂದು ತಿಂಗಳು ಬಾಗಿಲು ಹಾಕಿ ರಿಪೇರಿ. ಮುಂದುಗಡೆ ಕಾಫಿ, ಊಟ, ಮತ್ತೇರದ ಬಿಯರ್. ಹಿಂದೆ ನಾಲ್ಕೇ ಟೇಬಲ್ ಬಾರು. ಮನೆಮಂದಿ ಎಲ್ಲ ಬರೋ ಹಾಗಿರಬೇಕು."

"ಮನೆಮಂದಿಯಿಂದ ತಪ್ಪಿಸ್ಕೊಳ್ಳೋಕೇ ಅಲ್ವೇನಮ್ಮ ಜನ ಇಲ್ಲಿಗೆ ಬರೋದು" ಎಂದ ಶುಂಠಿ. ಅವಳು ನಕ್ಕಳು. ಅವನಿಗೆ ನಗು ಬರಲಿಲ್ಲ.

ಬಾಗಿಲು ಹಾಕುವ ಮುಂಚಿನ ಕೊನೆಯ ಭಾನುವಾರ. ಒಂಬತ್ತೂವರೆಗೆ ಫ್ಲಾಸ್ಕು ಬಂತು. ಶುಂಠಿ ಚಹಾವನ್ನು ರಬ್ಬರ್ ಬ್ಯಾಂಡಿನ ಬಾಟಲಿಗೆ ಅರ್ಧಕ್ಕೆ ತುಂಬಿ, ಬಿರಡೆ ತಿರುಗಿಸಿ, ಎಂದಿನ ಮೂಲೆಯಲ್ಲಿಟ್ಟು ಹಿಂದಕ್ಕೆ ಹೋದ. ಕ್ರೇಟುಗಳನ್ನು ಎಣಿಸಿ ಲಾರಿಗೆ ಹತ್ತಿಸಬೇಕಿತ್ತು. ಸಿಟ್ಟಿನಲ್ಲಿ ಎಳೆದಾಡುವಾಗ ಕ್ರೇಟಿನ ತಗಡು ಹೆಬ್ಬೆರಳನ್ನು ಸೀಳಿತು. ರಕ್ತ ಚೀಪಿ, ಲಾರಿಯವನಿಗೂ ನಾಲ್ಕು ಬೈದು ಅವನು ಒಳಗೆ ಬರುವ ಹೊತ್ತಿಗೆ ಹನ್ನೊಂದು ದಾಟಿತ್ತು. ಹುಡುಗಿ ಬಾಟಲಿಗಳನ್ನೆಲ್ಲ ಒರೆಸಿ ಸಾಲಾಗಿ ನಿಲ್ಲಿಸಿದ್ದಳು. ರಬ್ಬರ್ ಬ್ಯಾಂಡಿನದು ಮೂಲೆಯಲ್ಲೇ ಇತ್ತು, ಅರ್ಧಕ್ಕೇ ಇತ್ತು, ಬಣ್ಣವೂ ಅದೇ.

ಹನ್ನೆರಡಕ್ಕೆ ನಾಲ್ವರೂ ಬಂದರು. ಕೊನೆಯ ದಿನ ಎಂದು ಪೇಂಟರು ಇಸ್ತ್ರಿ ಅಂಗಿ ಹಾಕಿದ್ದ. ಕಂಡಕ್ಟರು ಬಾಗಿಲಿನಿಂದಲೇ ಕೂಗಿದ: "ಶುಂಠಿ, ಕೊನೇ ಟ್ರಿಪ್ಪು. ಎಲ್ಲರಿಗೂ ಟಿಕೆಟ್ ಹರಿ."

ಶುಂಠಿ ಮೂರು ಗ್ಲಾಸಿಗೆ ಸಾದಾ ಬಾಟಲಿಯಿಂದ, ನಾಲ್ಕನೆಯದಕ್ಕೆ ರಬ್ಬರ್ ಬ್ಯಾಂಡಿನದರಿಂದ ಸುರಿದ. ತಟ್ಟೆಯಲ್ಲಿಟ್ಟು ತಾನೇ ಒಯ್ದ. ಲೇತಣ್ಣನ ಗ್ಲಾಸು ಲೇತಣ್ಣನ ಮುಂದೆಯೇ ಇಟ್ಟ. ವಾಪಸು ಬಂದು ಬಿರಡೆ ಹಾಕುವಾಗ ಬಾಟಲಿಯ ಬಾಯಿಂದ ಒಂದು ಹನಿ ಜಾರಿ ಹೆಬ್ಬೆರಳಿನ ಗಾಯಕ್ಕೆ ತಾಗಿತು.

ಬೆರಳು ಚುರ್ ಎಂದಿತು.

ಚಹಾ ತಾಗಿದರೆ ಗಾಯ ಹೀಗೆ ಉರಿಯುವುದಿಲ್ಲ. ಬೆರಳನ್ನು ಮೂಗಿಗೆ ಹಿಡಿದ. ಮೂವತ್ತೆರಡು ವರ್ಷ ಮೂಸಿದ ವಾಸನೆ. ಬಾಟಲಿಯ ಬಾಯನ್ನು ಮೂಸಿದ. ಅದೇ. ತಲೆ ಎತ್ತುವಷ್ಟರಲ್ಲಿ ಕಿಟಕಿಯ ಬೆಳಕಿನಲ್ಲಿ ನಾಲ್ಕು ಗ್ಲಾಸು ಒಂದಕ್ಕೊಂದು ತಾಗಿ ಬೇರೆಯಾದವು. ಲೇತಣ್ಣ ಎಂದಿನ ನಾಟಕದಂತೆ ಎಲ್ಲರಿಗಿಂತ ದೊಡ್ಡ ಗುಟುಕು ಹಾಕಿದ.

ಹಾಕಿದವನು ಹಾಗೇ ಕಲ್ಲಾದ. ಕೆನ್ನೆ ಎರಡೂ ಉಬ್ಬಿದ್ದವು. ನುಂಗಿರಲಿಲ್ಲ. ಕಣ್ಣು ಮಾತ್ರ ತಿರುಗಿ ಕೌಂಟರಿನ ಕಡೆ ಬಂತು, ಶುಂಠಿಯ ಕಣ್ಣಿಗೆ ಸಿಕ್ಕಿ ಅಲ್ಲೇ ನಿಂತಿತು.

ಕೌಂಟರಿನಿಂದ ಆ ಟೇಬಲ್ಲಿಗೆ ಹನ್ನೆರಡು ಹೆಜ್ಜೆ. ಶುಂಠಿ ನಡೆಯತೊಡಗಿದ. ಓಡಿದರೆ ಎಲ್ಲರೂ ನೋಡುತ್ತಾರೆ. ಕೂಗಿದರೆ ಮೂರು ವರ್ಷದ ಗುಟ್ಟು ನಡು ಹಗಲಲ್ಲಿ ಬೆತ್ತಲೆ. ಕೂಗದಿದ್ದರೆ ಆ ಗುಟುಕು ಎಷ್ಟು ಹೊತ್ತು ಬಾಯಲ್ಲಿ ನಿಂತೀತು? ಉಗುಳಿಬಿಡೋ, ನೆಲಕ್ಕೆ ಉಗುಳೋ ಎಂದು ಕಣ್ಣಲ್ಲೇ ಬೇಡಿಕೊಂಡ. ಲೇತಣ್ಣ ಉಗುಳಲಿಲ್ಲ. ಅವನ ಗಂಟಲ ಗಂಟು ಒಮ್ಮೆ ಮೇಲೆ ಹೋಗಿ ಅಲ್ಲೇ ನಡುಗಿತು.

ಅತ್ತ ಕಂಡಕ್ಟರು ಕಥೆ ಶುರು ಮಾಡಿದ್ದ, ಅದೂ ಶುಂಠಿಯ ಮೇಲೆಯೇ. "ನಮ್ಮ ಶುಂಠಿ ಮದುವೆ ದಿನ ಹೆಣ್ಣು ನಾಚ್ಕೊಂಡು ತಲೆ ಬಗ್ಗಿಸಿ ಕೂತಿದ್ಲಂತೆ. ಇವನು ಹೋಗಿ ಹೆಗಲು ಅಲ್ಲಾಡಿಸಿ, ಸಾಕು, ಏಳು, ಇನ್ನು ಹಾಕಲ್ಲ ಅಂದ್ನಂತೆ."

ಗಡಿಯಾರದವನು ಟೇಬಲ್ಲು ಗುದ್ದಿ ನಕ್ಕ. ಪೇಂಟರು ಲೇತಣ್ಣನ ಕಡೆ ಬೆರಳು ಮಾಡಿ, "ನೋಡ್ರೋ ಇವನ್ನ, ನಗು ತಡ್ಕೊಂಡು ಕೆನ್ನೆ ಹೆಂಗೆ ಊದಿದೆ, ಈಗ ಒಡೀತಾನೆ" ಎಂದ. ಮೂವರೂ ಅವನ ಮುಖವನ್ನೇ ನೋಡತೊಡಗಿದರು. ಇನ್ನು ಉಗುಳುವುದಕ್ಕೂ ದಾರಿಯಿಲ್ಲ. ಲೇತಣ್ಣನ ಕಣ್ಣು ತುಂಬಿತ್ತು, ಹಣೆಯಲ್ಲಿ ಬೆವರು ಒಡೆದಿತ್ತು. ಗಂಟಲ ಗಂಟು ಮತ್ತೆ ಎದ್ದಿತು.

ಶುಂಠಿ ಹನ್ನೆರಡನೆಯ ಹೆಜ್ಜೆಯಲ್ಲಿದ್ದ. "ನಗ್ತೀಯೇನೋ ನನ್ನ ನೋಡಿ" ಎಂದು ಗುಡುಗಿ, ಕೈ ಬೀಸಿ ಅವನ ಕೆನ್ನೆಗೆ ಬಾರಿಸಿದ.

ಬಾಯಲ್ಲಿದ್ದದ್ದೆಲ್ಲ ಕಿಟಕಿಗೆ, ಅವನದೇ ಅಂಗಿಗೆ, ಪೇಂಟರ ಇಸ್ತ್ರಿ ಅಂಗಿಯ ಮೇಲೆ ಸಿಡಿಯಿತು. ಗ್ಲಾಸು ಬಿದ್ದು ಚೂರಾಯಿತು. ಏಟು ಪಟಾಕಿಯ ಹಾಗೆ ಕೇಳಿಸಿ, ಹದಿನೆಂಟು ಟೇಬಲ್ಲೂ ತಣ್ಣಗಾದವು.

"ತಲೆ ನೆಟ್ಟಗಿದೆಯೇನಯ್ಯ ನಿನಗೆ" ಎಂದು ಕಂಡಕ್ಟರು ಎದ್ದ. "ಕಥೆ ಹೇಳಿದವನು ನಾನು. ಹೊಡೆಯೋದಿದ್ರೆ ನನಗೆ ಹೊಡಿ. ಕಾಯಿಲೆಯಿಂದ ಎದ್ದ ಮನುಷ್ಯನ ಮೇಲೆ ಕೈ ಮಾಡ್ತೀಯಲ್ಲ, ನಾಚಿಕೆ ಆಗಲ್ವಾ?"

ಲೇತಣ್ಣ ಟೇಬಲ್ಲಿನ ಅಂಚು ಹಿಡಿದು ನಿಧಾನ ಎದ್ದ. ಕೆನ್ನೆಯ ಮೇಲೆ ನಾಲ್ಕು ಬೆರಳು ಮೂಡಿದ್ದವು. ತೋಳಿನಿಂದ ಬಾಯೊರೆಸಿಕೊಂಡ. ಶುಂಠಿಯನ್ನು ಒಂದು ಸಲ ನೋಡಿ ನಡೆದುಬಿಟ್ಟ. ಉಳಿದ ಮೂವರು ಅವನ ಹಿಂದೆಯೇ ಹೋದರು. ಪೇಂಟರು ಬಾಗಿಲಲ್ಲಿ ತಿರುಗಿ, "ನೀನು ಶುಂಠಿ ಅಲ್ಲ ಕಣೋ, ಹುಚ್ಚುನಾಯಿ" ಎಂದು ಹೇಳಿ ಹೋದ.

"ಮಾಮಾ, ಸ್ವಲ್ಪ ಒಳಗೆ ಬನ್ನಿ" ಎಂದಳು ಹುಡುಗಿ.

ಸಾಮಾನಿನ ಕೋಣೆಯಲ್ಲಿ ಅವಳು ಬಾಗಿಲು ಮುಂದೆ ಮಾಡಿ ನಿಂತಳು. ಶುಂಠಿ ಕೌಂಟರಿನಿಂದ ರಬ್ಬರ್ ಬ್ಯಾಂಡಿನ ಬಾಟಲಿಯನ್ನೂ ತಂದಿದ್ದ. ಆ ಬಾಟಲಿ ಹಿಡಿದು, "ಇದನ್ನ ಮುಟ್ಟಿದವರು ಯಾರು?" ಎಂದು ಕೇಳಿದ.

"ನಾನೇ. ಒರೆಸುವಾಗ ಬಿರಡೆ ಸಡಿಲ ಇತ್ತು, ಮೂಸಿದೆ. ಒಳಗಿದ್ದದ್ದು ವಿಸ್ಕಿ ಅಲ್ಲ, ಬರೀ ಚಹಾ. ಗುರುತಿಗೆ ರಬ್ಬರ್ ಬ್ಯಾಂಡ್ ಬೇರೆ." ಅವಳು ನೆಲ ನೋಡುತ್ತ ಮಾತಾಡಿದಳು. "ಮತ್ತೇರಿದವರಿಗೆ ಕೊನೆಗೆ ಇದನ್ನ ಹಾಕಿ, ಉಳಿದ ಅಸಲಿ ಮಾಲು ನೀವು ಮಾರ್ಕೊಳ್ತಿದ್ರಿ ಅಂತ ಅರ್ಥ ಆಯ್ತು. ನಿಮ್ಮನ್ನ ಕೇಳೋಕೆ ನನಗೇ ಮುಜುಗರ ಆಯ್ತು. ಚಹಾ ಚೆಲ್ಲಿ, ಅಷ್ಟೇ ಮಟ್ಟಕ್ಕೆ ಅಸಲಿ ತುಂಬಿಟ್ಟೆ. ಗಿರಾಕಿಗೆ ಮೋಸ ಆಗಬಾರದು, ನಿಮ್ಮ ಮರ್ಯಾದೇನೂ ಹೋಗಬಾರದು ಅಂತ."

ಒಂದೇ ಒಂದು ವಾಕ್ಯ ಸಾಕಿತ್ತು. ಶುಂಠಿಯ ನಾಲಿಗೆಯ ತುದಿಯಲ್ಲಿತ್ತು. ಆದರೆ ಅದು ಅವನ ವಾಕ್ಯವಲ್ಲ, ಲೇತಣ್ಣನದು. ಕೈ ಹಿಡಿದು ಕೊಟ್ಟ ಮಾತು.

"ನನ್ನ ಕೇಳಬೇಕಿತ್ತು ನೀನು" ಎಂದ. ಅಷ್ಟೇ ಹೊರಟಿತು.

"ಹೋಗ್ಲಿ ಬಿಡಿ ಮಾಮಾ, ಇದನ್ನ ನಾನು ಯಾರಿಗೂ ಹೇಳಲ್ಲ. ಅಪ್ಪನಿಗೂ ಹೇಳಲ್ಲ. ಆದ್ರೆ ಗಿರಾಕಿಗೆ ಹೊಡೆದ್ರಲ್ಲ, ಅದನ್ನ ಹೇಗೆ ಬಿಡಲಿ? ಅವರ ಮನೆಗೆ ಹೋಗಿ ತಪ್ಪಾಯ್ತು ಅನ್ನಿ. ಆಮೇಲೆ ಎಲ್ಲ ಮರೆತುಬಿಡೋಣ."

ಶುಂಠಿ ಹೆಗಲ ಟವೆಲ್ಲು ತೆಗೆದು ಕ್ರೇಟಿನ ಮೇಲೆ ಹಾಕಿದ. ಅದನ್ನೂ ಮಡಿಸಿಯೇ ಹಾಕಿದ. ಹಿಂಬಾಗಿಲಿನಿಂದ ಇಳಿದು ಹೋದವನು ಮತ್ತೆ ಒಳಗೆ ಕಾಲಿಡಲಿಲ್ಲ. ಈಗ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂಪನ್ನು ಹರಿಯುತ್ತಾನೆ. ಅಲ್ಲಿ ಯಾರಿಗೂ "ಸಾಕು, ಏಳು" ಎನ್ನುವ ಹಾಗಿಲ್ಲ.

ಏಟು ಬಿದ್ದ ಮರುದಿನ ಬೆಳಿಗ್ಗೆ ಲೇತಣ್ಣನ ಹೆಂಡತಿ ಶುಂಠಿಯ ಮನೆಯ ಬಾಗಿಲಿಗೆ ಬಂದಳು. ಕೂರಲಿಲ್ಲ. ಮುಖ ಬಿಳುಚಿತ್ತು.

"ಅಂಗಿ ಒಗೆಯೋಕೆ ತೆಗೆದ್ರೆ ಘಮ್ ಅಂತು. ಅದು ನನ್ನ ಚಹಾ ಅಲ್ಲ. ಏನಾಯ್ತು ಅಂದ್ರೆ ಗೋಡೆ ಕಡೆ ತಿರುಗಿ ಮಲಗಿದ್ದಾರೆ. ನೀನು ಹೇಳು. ನುಂಗಿದ್ರಾ?"

ಶುಂಠಿ ನಡೆದದ್ದೆಲ್ಲ ಹೇಳಿದ. ನುಂಗಿದನೋ ಇಲ್ಲವೋ ತನಗೂ ತಿಳಿಯದು ಎಂದ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಳು. "ಒಂದು ತೊಟ್ಟು ಒಳಗೆ ಹೋದ್ರೂ ಸಾಕು, ಅದು ಇನ್ನೊಂದನ್ನ ಕರೀತದೆ. ನೀನೇ ಹೋಗಿ ಕೇಳು. ನನಗಾದ್ರೆ ಸುಳ್ಳು ಹೇಳ್ತಾರೆ, ನಿನಗೆ ನಿಜ ಹೇಳ್ತಾರೆ" ಎಂದಳು.

ಬುಧವಾರ ಹನ್ನೆರಡಕ್ಕೆ ಶುಂಠಿ ಲೇತ್ ಶೆಡ್ಡಿಗೆ ಹೋದ. ಮಿಷನ್ನು ತಿರುಗುತ್ತಿತ್ತು, ಕಬ್ಬಿಣದ ಸುರುಳಿ ಹೊಳೆಯುತ್ತ ಕೆಳಗೆ ಬೀಳುತ್ತಿತ್ತು. ಶುಂಠಿ ಮೊದಲು ನೋಡಿದ್ದು ಕೈಯನ್ನು. ಕೈ ನಡುಗುತ್ತಿರಲಿಲ್ಲ. ಲೇತಣ್ಣ ಅವನನ್ನು ನೋಡಿದರೂ ಕಂಬಿ ಪೂರ್ತಿ ಕಡೆದು ಮುಗಿಸಿ, ಮಿಷನ್ನು ನಿಲ್ಲಿಸಿ, ಅಳತೆ ಹಿಡಿದು ನೋಡಿದ ಮೇಲೆಯೇ ಮಾತಾಡಿದ್ದು.

"ಅವಳು ಕಳಿಸಿದ್ಲಾ?"

"ನುಂಗಿದ್ಯಾ?"

"ಇಲ್ಲ. ಒಂದು ತೊಟ್ಟೂ ಇಲ್ಲ." ಕೈಗೆ ಹತ್ತಿದ ಎಣ್ಣೆಯನ್ನು ಬಟ್ಟೆಗೆ ಒರೆಸುತ್ತ ಹೇಳಿದ. "ಆದ್ರೆ ಒಂದು ಮಾತು ಕೇಳು. ನಾಚಿಕೆಗೆ ಉಗುಳಲಿಲ್ಲ ಅಂತ ತಿಳ್ಕೊಂಡಿದೀಯ ನೀನು. ಅಲ್ಲ. ಬಾಯಿಗೆ ಬಿದ್ದ ತಕ್ಷಣ ಹಳೇ ಮನೆಗೆ ಬಂದ ಹಾಗಾಯ್ತು. ಉಗುಳೋಕೆ ಮನಸ್ಸೇ ಬರಲಿಲ್ಲ. ಇನ್ನೊಂದು ಹೆಜ್ಜೆ ನೀನು ತಡ ಮಾಡಿದ್ರೆ ನುಂಗ್ತಿದ್ದೆ."

ಶುಂಠಿ ಹುಡುಗಿಯ ವಿಷಯ ಹೇಳಿದ. "ನನ್ನ ಕಳ್ಳ ಅನ್ಕೊಂಡಿದಾಳೆ. ಅವಳೊಬ್ಬಳಿಗಾದ್ರೂ ಹೇಳಲಾ?"

"ಬೇಡ. ಒಳ್ಳೇ ಮನಸ್ಸಿನ ಹುಡುಗಿ. ತಿಳಿದ್ರೆ ಮೊದಲು ಅಳ್ತಾಳೆ, ಆಮೇಲೆ ನನ್ನ ಬೆನ್ನು ತಟ್ಟೋಕೆ ಬರ್ತಾಳೆ, ಆಮೇಲೆ ಕಂಡಕ್ಟರಿಗೆ ಹೇಳ್ತಾಳೆ. ಒಳ್ಳೆಯವರ ಬಾಯಲ್ಲಿ ಗುಟ್ಟು ನಿಲ್ಲಲ್ಲ."

ಶುಂಠಿಗೆ ನೆತ್ತಿಗೇರಿತು. ಕೆನ್ನೆ ಮುಂದೆ ಮಾಡಿ, "ಹಂಗಾದ್ರೆ ಹೊಡಿ. ಈಗಲೇ ಹೊಡೆದು ತೀರಿಸ್ಕೊ. ನನಗೆ ಅದಾದ್ರೂ ಕಳೀಲಿ" ಎಂದ.

ಲೇತಣ್ಣ ಆ ಕೆನ್ನೆಯನ್ನು ಕಂಬಿ ನೋಡುವ ಹಾಗೆ ನೋಡಿದ. "ಇಲ್ಲಿ ಯಾರಿದಾರೆ ನೋಡೋಕೆ? ಆ ಮೂವರ ಮುಂದೆ ತಗೊಂಡೆ, ಆ ಮೂವರ ಮುಂದೆಯೇ ಕೊಡ್ತೀನಿ. ಹೊಡೆದು, ಪಕ್ಕದಲ್ಲಿ ಕೂರಿಸ್ಕೊಂಡು, ಒಂದು ರೌಂಡ್ ಹೇಳ್ತೀನಿ. ಅವರು ನಕ್ಕರೆ ಮುಗೀತು. ನೀನು ಹುಚ್ಚುನಾಯಿ ಅನ್ನೋದು ಅವತ್ತಿಗೆ ಹೋಗುತ್ತೆ. ಅವರನ್ನ ಸೇರಿಸು."

ಶುಂಠಿ ಸೇರಿಸಲು ಹೊರಟ. ಅವರನ್ನು ಹುಡುಕಿ ಅಲೆಯುವಷ್ಟರಲ್ಲಿ ತಿಂಗಳು ಕಳೆದು, ರಿಪೇರಿ ಮುಗಿದು ಬಾರು ತೆರೆದಿತ್ತು. ಮುಂದೆ ಗಾಜು, ಕುಂಡ, ಕಾಫಿಯ ಘಮ. ಕಿಟಕಿ ಪಕ್ಕದ ಟೇಬಲ್ಲಿನಲ್ಲಿ ಈಗ ಯಾರು ಬೇಕಾದರೂ ಏನನ್ನೂ ಕುಡಿಯದೆ ಕೂರಬಹುದಿತ್ತು, ಯಾಕೆ ಎಂದು ಕೇಳುವವರಿರಲಿಲ್ಲ. ಆದರೆ ಬಂದು ಕೂರುವ ಅಭ್ಯಾಸವೇ ಆ ಮೂವರಿಗೆ ತಪ್ಪಿಹೋಗಿತ್ತು. ಪೇಂಟರಿಗೆ ಅಳಿಯ ಹೆಜ್ಜೆ ಎಣಿಸುವ ಗಡಿಯಾರ ಕಟ್ಟಿದ್ದ. "ಮಧ್ಯಾಹ್ನ ನಾನು ನಡೀಬೇಕು, ನಿನ್ನ ಜೊತೆ ಮಾತಾಡಿದ್ರೆ ಬೀಪಿ ಏರುತ್ತೆ" ಎಂದು ಹೇಳುತ್ತಲೇ ಮುಂದೆ ನಡೆದುಹೋದ. ಕಂಡಕ್ಟರು ಬೇರೆ ಊರಿನ ಮಗಳ ಮನೆಗೆ ಹೋಗಿ ಅಲ್ಲೇ ಉಳಿದ. ಗಡಿಯಾರದವನು ಬಾಟಲಿಯನ್ನು ಮನೆಗೇ ತರಿಸಿಕೊಂಡು ಒಬ್ಬನೇ ಕುಡಿಯುತ್ತಿದ್ದ. ಬಾಗಿಲು ಪೂರ್ತಿ ತೆರೆಯದೆಯೇ ಅವನೊಂದು ಉಪಾಯ ಹೇಳಿದ: "ಎಲ್ಲರೂ ಫೋನಲ್ಲೇ ಸೇರೋಣ. ವಿಡಿಯೋದಲ್ಲಿ ನಾಲ್ಕು ಮುಖಾನೂ ಕಾಣುತ್ತೆ. ಅವರವರ ಗ್ಲಾಸು ಅವರವರ ಮನೇಲಿ."

ಶುಂಠಿ ಅದನ್ನು ಲೇತ್ ಶೆಡ್ಡಿಗೆ ಬಂದು ಹೇಳಿದ. ಲೇತಣ್ಣ ಮಿಷನ್ನು ನಿಲ್ಲಿಸದೆಯೇ, "ಫೋನಲ್ಲಿ ಹೊಡೆಯೋಕೆ ಬರಲ್ಲವಲ್ಲೋ" ಎಂದ.

ಆಮೇಲೆ ಎರಡು ಸಲ ದಿನ ಗೊತ್ತು ಮಾಡಿದರು. ಒಮ್ಮೆ ಕಂಡಕ್ಟರು ಬರಲಿಲ್ಲ, ಇನ್ನೊಮ್ಮೆ ಕಂಡಕ್ಟರು ಬಂದ, ಉಳಿದಿಬ್ಬರು ಬರಲಿಲ್ಲ. ಲೇತಣ್ಣ ಈವರೆಗೂ ಕುಡಿದಿಲ್ಲ. ದಾರಿಯಲ್ಲಿ ಸಿಕ್ಕಾಗಲೆಲ್ಲ ಶುಂಠಿ ನಿಂತು, "ನಿನ್ನದು ಬಾಕಿ ಇದೆ" ಎನ್ನುತ್ತಾನೆ. "ಗೊತ್ತು, ಮರೆತಿಲ್ಲ" ಎನ್ನುತ್ತಾನೆ ಲೇತಣ್ಣ. ಕೊಡುವವನೂ ತೆಗೆದುಕೊಳ್ಳುವವನೂ ತಯಾರಾಗಿದ್ದಾರೆ. ನೋಡಬೇಕಾದ ಮೂವರು ಒಂದು ಕಡೆ ಸೇರುತ್ತಿಲ್ಲ. ಏಟು ಹಾಗೇ ಉಳಿದಿದೆ.